ಕಂಬಕ್ಕೆ ಹಗ್ಗ ಬಿಗಿಯುವ ಗಂಟುಗಳು

ಕಂಬ, ಗೂಟ, ಮರದ ಕಾಂಡ ಅಥವಾ ದಿಮ್ಮಿಯಂಥ ವಸ್ತುವಿಗೆ ಹಗ್ಗವನ್ನು ಜಾರದಂತೆ ಬಂಧಿಸಲು ಹಾಗೂ ಬೇಕಾದಾಗ ಬಿಚ್ಚಲು ಬಳಸುವ ಕಟ್ಟುಗಳೇ ಕಂಬಕ್ಕೆ ಹಗ್ಗ ಬಿಗಿಯುವ ಗಂಟುಗಳು. ಇಂಗ್ಲಿಷಿನಲ್ಲಿ ಇವುಗಳಿಗೆ ಹಿಚ್ ಎಂಬ ಸಾಮಾನ್ಯ ಹೆಸರಿದೆ. ಎರಡು ಹಗ್ಗಗಳನ್ನು ಕೂಡಿಸುವ ಗಂಟು ಹಗ್ಗದ ಮೇಲೆಯೇ ನಿಲ್ಲುತ್ತದೆ. ಹಿಚ್ ಮಾತ್ರ ಕಂಬವನ್ನು ಆಶ್ರಯಿಸಿ ನಿಲ್ಲುತ್ತದೆ. ಕಂಬವನ್ನು ನಡುವಿನಿಂದ ಎಳೆದುಬಿಟ್ಟರೆ ಇವುಗಳಲ್ಲಿ ಹಲವು ತಾವಾಗಿಯೇ ಬಿಚ್ಚಿಹೋಗುತ್ತವೆ. ಆದುದರಿಂದ ಇಂಥ ಗಂಟಿನ ಭದ್ರತೆಯು ಹಗ್ಗ, ಕಂಬದ ಮೈ ಮತ್ತು ಎಳೆತದ ದಿಕ್ಕು ಎಂಬ ಮೂರನ್ನೂ ಅವಲಂಬಿಸಿದೆ. ಒಂದು ಕಂಬಕ್ಕೆ ಭದ್ರವಾದ ಗಂಟು ಇನ್ನೊಂದು ಕಂಬಕ್ಕೆ ಅಪಾಯಕಾರಿಯಾಗಬಹುದು.

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳಲ್ಲಿ ಇವುಗಳ ಉಪಯೋಗ ಬಹುವಿಧವಾಗಿದೆ. ಕಾಡಿನ ನಾಟಾ, ಬಿದಿರು, ಭತ್ತದ ಕಣ, ಎಮ್ಮೆಗಳ ಕೊಟ್ಟಿಗೆ, ಕಾಳಿ ನದಿಯ ದೋಣಿ ಇವೆಲ್ಲವೂ ಬೇರೆ ಬೇರೆ ಬಗೆಯ ಎಳೆತಗಳು. ಒಂದೊಂದಕ್ಕೂ ತಕ್ಕ ಗಂಟು ಬೇರೆ. ಈ ಲೇಖನದ ಉದಾಹರಣೆಗಳನ್ನು ಹೆಚ್ಚಾಗಿ ಈ ಭಾಗದಿಂದಲೇ ಆರಿಸಿಕೊಳ್ಳಲಾಗಿದೆ.

ಪದಗಳ ಅರ್ಥ

ಹಗ್ಗದಲ್ಲಿ ಭಾರವನ್ನು ಹೊರುವ ಭಾಗವನ್ನು ಇಲ್ಲಿ ಎಳೆತದ ಭಾಗವೆಂದೂ, ಕಟ್ಟುವವನ ಕೈಯಲ್ಲಿರುವ ಭಾಗವನ್ನು ತುದಿಯೆಂದೂ ಕರೆಯಲಾಗಿದೆ. ತುದಿಯನ್ನು ಕಂಬಕ್ಕಾಗಲಿ ಎಳೆತದ ಭಾಗಕ್ಕಾಗಲಿ ಒಮ್ಮೆ ಬಳಸಿ, ತನ್ನ ಅಡಿಯಲ್ಲಿಯೇ ತೂರಿಸಿ ಎಳೆದರೆ ಅದು ಅರೆಗಂಟು. ಎಳೆದಷ್ಟೂ ಕಿರಿದಾಗುವ ಕುಣಿಕೆಗೆ ಜೀರುಗುಣಿಕೆ ಎಂದು ಹೆಸರು. ಬಿಚ್ಚಲು ಬಾರದಂತೆ ಬಿಗಿದುಕೊಂಡದ್ದು ಕಗ್ಗಂಟು. ಒಳ್ಳೆಯ ಹಿಚ್ ಎಂದಿಗೂ ಕಗ್ಗಂಟಾಗಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ.

ಹಿಡಿತದ ಕಾರಣ

ಗಂಟುಗಳ ಸಂಖ್ಯೆ ಹೆಚ್ಚಿದಷ್ಟೂ ಕಟ್ಟು ಭದ್ರವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಇದು ತಪ್ಪು ತಿಳಿವಳಿಕೆ. ಭಾರದ ಬಹುಪಾಲನ್ನು ಹೊರುವುದು ಕಂಬದ ಸುತ್ತ ಬಳಸಿದ ಹಗ್ಗದ ಘರ್ಷಣೆ. ಕೊನೆಯ ಗಂಟಿನ ಕೆಲಸ ಆ ಸುತ್ತುಗಳು ಬಿಚ್ಚಿಕೊಳ್ಳದಂತೆ ಕಾಯುವುದಷ್ಟೇ.

ಈ ಘರ್ಷಣೆಯ ಲೆಕ್ಕವನ್ನು ಗಣಿತಜ್ಞ ಯೂಲರ್ ಮತ್ತು ಜರ್ಮನಿಯ ಎಂಜಿನಿಯರ್ ಐಟೆಲ್ವೈನ್ ಇವರ ಹೆಸರಿನ ಸೂತ್ರವು ಹೇಳುತ್ತದೆ. ಹಗ್ಗವು ಕಂಬವನ್ನು ತಾಗಿಕೊಂಡಿರುವ ಕೋನ ಹೆಚ್ಚಾದಂತೆ ಹಿಡಿತವು ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಹಗ್ಗ ಮತ್ತು ಮರದ ನಡುವಿನ ಘರ್ಷಣಾಂಕವನ್ನು 0.3 ಎಂದು ಇಟ್ಟುಕೊಂಡರೆ, ಕಂಬದ ಹಿಂಬದಿಯನ್ನು ಮಾತ್ರ ಬಳಸಿ ಬಂದ ಅರ್ಧ ಸುತ್ತಿನಲ್ಲಿ (180 ಡಿಗ್ರಿ) ತುದಿಯಲ್ಲಿ ಹಿಡಿದ ಬಲದ ಸುಮಾರು ಎರಡೂವರೆ ಪಟ್ಟು ಭಾರ ನಿಲ್ಲುತ್ತದೆ. ಒಂದೂವರೆ ಸುತ್ತಾದರೆ (540 ಡಿಗ್ರಿ) ಸುಮಾರು 17 ಪಟ್ಟು, ಎರಡೂವರೆ ಸುತ್ತಾದರೆ (900 ಡಿಗ್ರಿ) 110 ಪಟ್ಟಿಗೂ ಹೆಚ್ಚು. ಅಂದರೆ 100 ಕಿಲೋ ಭಾರದ ಎಳೆತವನ್ನು ಒಂದೂವರೆ ಸುತ್ತಿನ ಆಚೆ ಸುಮಾರು 6 ಕಿಲೋ ಬಲದಿಂದ ಒಬ್ಬನೇ ಹಿಡಿದು ನಿಲ್ಲಬಹುದು. ಕಂಬದ ದಪ್ಪವು ಈ ಲೆಕ್ಕದಲ್ಲಿ ಬರುವುದೇ ಇಲ್ಲವೆಂಬುದು ಅನೇಕರಿಗೆ ಅಚ್ಚರಿಯ ಸಂಗತಿ. ಆದರೆ ಬಿರುಸಾದ ದಪ್ಪ ಹಗ್ಗವು ತೆಳುವಾದ ಗೂಟಕ್ಕೆ ಸರಿಯಾಗಿ ಅಂಟಿಕೊಳ್ಳದು. ಆಗ ಸೂತ್ರ ಹೇಳಿದಷ್ಟು ಹಿಡಿತ ಸಿಗುವುದಿಲ್ಲ.

ಒಂದೂವರೆ ಸುತ್ತು ಮತ್ತು ಎರಡು ಅರೆಗಂಟು

ಒಂದೇ ಒಂದು ಗಂಟನ್ನು ಕಲಿಯಬೇಕೆನ್ನುವವರು ಇದನ್ನು ಕಲಿಯುವುದು ಲೇಸು. ಇಂಗ್ಲಿಷಿನಲ್ಲಿ ಇದನ್ನು ರೌಂಡ್ ಟರ್ನ್ ಅಂಡ್ ಟೂ ಹಾಫ್ ಹಿಚಸ್ ಎನ್ನುತ್ತಾರೆ.

ತುದಿಯನ್ನು ಕಂಬದ ಹಿಂಬದಿಯಿಂದ ಬಳಸಿ ಮುಂದಕ್ಕೆ ತಂದು, ನಿಲ್ಲಿಸದೆ ಮತ್ತೊಮ್ಮೆ ಹಿಂಬದಿಯಿಂದ ಬಳಸಿ, ಎಳೆತದ ಭಾಗದ ಪಕ್ಕಕ್ಕೆ ತರಬೇಕು. ಈಗ ಮುಂದಿನಿಂದ ನೋಡಿದರೆ ಕಂಬದ ಮೇಲೆ ಒಂದು ಪೂರ್ಣ ಸುತ್ತು ಕಾಣುತ್ತದೆ, ಹಿಂದಿನಿಂದ ಎರಡು ಸಾಲು ಕಾಣುತ್ತವೆ. ಸುತ್ತುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕದಲ್ಲಿ ಕೂರಬೇಕು. ಬಳಿಕ ತುದಿಯನ್ನು ಎಳೆತದ ಭಾಗಕ್ಕೆ ಬಳಸಿ ಒಂದು ಅರೆಗಂಟು ಹಾಕಿ, ಅದನ್ನು ಕಂಬದ ಕಡೆಗೆ ಸರಿಸಿ ಬಿಗಿಯಬೇಕು. ಎರಡನೆಯ ಅರೆಗಂಟನ್ನು ಮೊದಲನೆಯದರ ದಿಕ್ಕಿನಲ್ಲಿಯೇ ಹಾಕಬೇಕು. ದಿಕ್ಕು ಸರಿಯಾಗಿದ್ದರೆ ಎರಡು ಅರೆಗಂಟುಗಳೂ ಸೇರಿ ಎಳೆತದ ಹಗ್ಗದ ಮೇಲೆ ಮುಂದೆ ವಿವರಿಸಿರುವ ಕ್ಲೋವ್ ಹಿಚ್ಚಿನ ಆಕಾರ ಮೂಡುತ್ತದೆ. ದಿಕ್ಕು ತಿರುಗಿದ್ದರೆ ಆಕಾರ ಬೇರೆಯಾಗಿ ಹಿಡಿತ ಸಡಿಲಗೊಳ್ಳುತ್ತದೆ. ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಉಳಿದ ತುದಿ ಹಗ್ಗದ ದಪ್ಪದ ಹತ್ತು ಹನ್ನೆರಡು ಪಟ್ಟಾದರೂ ಉದ್ದವಿರಲಿ.

ಈ ಗಂಟಿನ ಗುಣ ಎರಡು. ಒಂದೂವರೆ ಸುತ್ತು ಹಾಕಿದ ಕೂಡಲೇ ಭಾರ ನಿಲ್ಲುವುದರಿಂದ ಕಟ್ಟುವವನು ಅವಸರಪಡದೆ ಅರೆಗಂಟುಗಳನ್ನು ಹಾಕಬಹುದು. ಬಿಚ್ಚುವಾಗಲೂ ಅರೆಗಂಟುಗಳನ್ನು ತೆಗೆದು, ಸುತ್ತುಗಳನ್ನು ಉಳಿಸಿಕೊಂಡು, ಭಾರವನ್ನು ನಿಧಾನವಾಗಿ ಸಡಿಲಿಸಬಹುದು. ಜೋಯಿಡಾ ತಾಲೂಕಿನ ಗಣೇಶಗುಡಿಯ ಬಳಿ ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಯುತ್ತದೆ. ಅಲ್ಲಿನ ನೀರಿನ ಮಟ್ಟ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ಬಿಡುವ ನೀರನ್ನು ಅವಲಂಬಿಸಿ ಏರಿಳಿಯುತ್ತದೆ. ಇಂಥ ನದಿಯ ದಡದ ಮರಕ್ಕೆ ಕಟ್ಟಿದ ದೋಣಿಯನ್ನು ಸೆಳವು ಎಳೆಯುತ್ತಿರುವಾಗಲೇ ಬಿಚ್ಚಬೇಕಾಗಿ ಬರುತ್ತದೆ. ಆ ಸಮಯದಲ್ಲಿ ಕಗ್ಗಂಟು ಬಿದ್ದಿದ್ದರೆ ಕತ್ತಿಯೇ ಗತಿ.

ಹಗ್ಗದ ಬಲವನ್ನು ಕಡಿಮೆ ಕುಂದಿಸುವ ಗಂಟುಗಳಲ್ಲಿಯೂ ಇದು ಒಂದು. ಹಗ್ಗವು ಕಿರಿದಾದ ತಿರುವಿನಲ್ಲಿ ಬಾಗಿದಾಗ ಅಲ್ಲಿ ದುರ್ಬಲವಾಗುತ್ತದೆ. ಈ ಗಂಟಿನಲ್ಲಿ ಪೂರ್ಣ ಭಾರ ಹೊತ್ತ ಹಗ್ಗವು ಕಂಬದಷ್ಟು ಅಗಲವಾದ ತಿರುವಿನಲ್ಲಿ ಬಾಗುತ್ತದೆ. ಅರೆಗಂಟುಗಳನ್ನು ತಲುಪುವ ಹೊತ್ತಿಗೆ ಭಾರದ ಹೆಚ್ಚಿನ ಪಾಲು ಇಳಿದಿರುತ್ತದೆ.

ಕ್ಲೋವ್ ಹಿಚ್

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಆರಂಭದ ಹಂತಗಳಲ್ಲಿ ಮಕ್ಕಳು ಕಲಿಯುವ ಗಂಟುಗಳಲ್ಲಿ ಕ್ಲೋವ್ ಹಿಚ್ ಇದೆ. ಆದ್ದರಿಂದ ಶಾಲೆಯಲ್ಲಿ ಸ್ಕೌಟ್ ತರಬೇತಿ ಪಡೆದವರಿಗೆ ಕಂಬದ ಗಂಟೆಂದರೆ ನೆನಪಿಗೆ ಬರುವುದು ಇದೇ.

ತುದಿಯನ್ನು ಕಂಬಕ್ಕೆ ಒಮ್ಮೆ ಬಳಸಿ, ಎಳೆತದ ಭಾಗದ ಮೇಲೆ ಓರೆಯಾಗಿ ದಾಟಿಸಿ, ಅದೇ ದಿಕ್ಕಿನಲ್ಲಿ ಎರಡನೆಯ ಸಲ ಬಳಸಬೇಕು. ಕೊನೆಗೆ ತುದಿಯನ್ನು ಆ ಓರೆಯಾದ ಹಗ್ಗದ ಅಡಿಯಲ್ಲಿ ತೂರಿಸಿ ಎಳೆಯಬೇಕು. ಸರಿಯಾಗಿ ಕಟ್ಟಿದಾಗ ಎರಡು ಸುತ್ತುಗಳ ನಡುವೆ, ಓರೆಯ ಕೆಳಗಿನಿಂದ, ಹಗ್ಗದ ಎರಡೂ ಭಾಗಗಳು ಎದುರು ಬದುರು ದಿಕ್ಕಿಗೆ ಹೊರಬರುತ್ತವೆ. ಮೇಲ್ತುದಿ ಬಯಲಾಗಿರುವ ಗೂಟವಾದರೆ ಇನ್ನೂ ಸುಲಭ: ಒಂದೇ ದಿಕ್ಕಿನ ಎರಡು ಕುಣಿಕೆಗಳನ್ನು ಮಾಡಿ, ಎರಡನೆಯದನ್ನು ಮೊದಲನೆಯದರ ಹಿಂದಿಟ್ಟು, ಎರಡನ್ನೂ ಕೂಡಿಯೇ ಗೂಟಕ್ಕೆ ತೊಡಿಸಬಹುದು.

ಬೇಗ ಕಟ್ಟಬಹುದು, ಉದ್ದವನ್ನು ಹೊಂದಿಸಿಕೊಳ್ಳಬಹುದು ಎಂಬುದು ಇದರ ಅನುಕೂಲ. ಆದರೆ ಇದಕ್ಕೆ ಸಿಕ್ಕಿರುವ ಕೀರ್ತಿ ಇದರ ಯೋಗ್ಯತೆಗಿಂತ ದೊಡ್ಡದೆಂದೇ ಹೇಳಬೇಕು. ಎಳೆತದ ದಿಕ್ಕು ಬದಲಾಗುತ್ತಿದ್ದರೆ, ಹಗ್ಗ ಬಿಗಿಯುತ್ತ ಸಡಿಲುತ್ತ ಇದ್ದರೆ ಅಥವಾ ಕಂಬವೇ ತಿರುಗಿದರೆ ಕ್ಲೋವ್ ಹಿಚ್ ಸ್ವಲ್ಪ ಸ್ವಲ್ಪವಾಗಿ ತುದಿಯನ್ನು ನುಂಗುತ್ತ ಹೋಗಿ ಕೊನೆಗೆ ಬಿಚ್ಚಿಕೊಳ್ಳುತ್ತದೆ. ಕೊರಳಾಡಿಸುತ್ತ ಕಂಬಕ್ಕೆ ಮೈಯುಜ್ಜುವ ಎಮ್ಮೆಯ ಎಳೆತ ಇಂಥದೇ. ಮುಂಡಗೋಡಿನಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ ವಸತಿಯ ಪ್ರಾರ್ಥನಾ ಪತಾಕೆಗಳಂತೆ ದಿನವಿಡೀ ಗಾಳಿಗೆ ಬಡಿದಾಡುವ ಬಟ್ಟೆಯ ಹಗ್ಗದಲ್ಲಿಯೂ ಇದೇ ಬಗೆಯ ಎಳೆತವಿರುತ್ತದೆ. ಇಂಥ ಕಡೆ ಕ್ಲೋವ್ ಹಿಚ್ ಒಂದನ್ನೇ ನಂಬಬಾರದು. ತುದಿಯಿಂದ ಎಳೆತದ ಭಾಗಕ್ಕೆ ಇನ್ನೆರಡು ಅರೆಗಂಟುಗಳನ್ನು ಸೇರಿಸಬೇಕು.

ಚೌಕಾಕಾರದ ಸಿಮೆಂಟ್ ಕಂಬಗಳು ಹೆಚ್ಚಾಗಿರುವುದರಿಂದ ಇನ್ನೊಂದು ತೊಡಕು ಸೇರಿದೆ. ಅಂಥ ಕಂಬದಲ್ಲಿ ಹಗ್ಗವು ನಾಲ್ಕು ಮೂಲೆಗಳನ್ನು ಮಾತ್ರ ಒತ್ತಿ ಹಿಡಿಯುತ್ತದೆ, ಮೂಲೆಯ ಅಂಚು ಹಗ್ಗವನ್ನು ತೇಯುತ್ತದೆ. ದುಂಡನೆಯ ಮರದ ಕಂಬದ ಮೇಲೆ ನಿಂತ ಕ್ಲೋವ್ ಹಿಚ್ ಇಲ್ಲಿ ನಿಲ್ಲಲಾರದು.

ಮಾಳ ಮತ್ತು ಚಪ್ಪರ

ಕಾಡಂಚಿನ ಗದ್ದೆಗಳಲ್ಲಿ ಹಂದಿ ಮೊದಲಾದ ಪ್ರಾಣಿಗಳಿಂದ ಬೆಳೆ ಕಾಯಲು ಕಂಬಗಳ ಮೇಲೆ ಕಟ್ಟುವ ಅಟ್ಟಣಿಗೆಗೆ ಮಾಳ ಎನ್ನುತ್ತಾರೆ. ಇದರಲ್ಲಿ ನಿಲುಗಂಬಕ್ಕೆ ಅಡ್ಡಗಳುವನ್ನು ಬಿಗಿಯುವ ಕಟ್ಟು ಕ್ಲೋವ್ ಹಿಚ್ಚಿನಿಂದ ಆರಂಭಿಸಿದರೆ ಅನುಕೂಲ: ಅಡ್ಡಗಳುವಿನ ಕೆಳಗೆ ನಿಲುಗಂಬಕ್ಕೆ ಗಂಟು ಹಾಕಿ, ಎರಡೂ ಕಂಬಗಳನ್ನು ಸೇರಿಸಿ ಮೂರು ನಾಲ್ಕು ಸುತ್ತು ಬಳಸಿ, ಆ ಸುತ್ತುಗಳ ನಡುವೆ ಅಡ್ಡಲಾಗಿ ಎರಡು ಮೂರು ಸಲ ಬಿಗಿದು, ಅಡ್ಡಗಳುವಿನ ಮೇಲೆ ಇನ್ನೊಂದು ಕ್ಲೋವ್ ಹಿಚ್ಚಿನಿಂದ ಮುಗಿಸಬೇಕು. ಬಿಗಿತ ಬರುವುದು ನಡುವಿನ ಅಡ್ಡ ಸುತ್ತುಗಳಿಂದ. ಅವನ್ನು ಬಿಟ್ಟರೆ ಮಾಳ ಅಲುಗಾಡುತ್ತದೆ. ಮದುವೆಯ ಚಪ್ಪರಕ್ಕೂ ಇದೇ ಕ್ರಮ ಸಾಕು.

ಬಿದಿರಿನ ಮೈ ನುಣುಪು. ಆದುದರಿಂದ ಭಾರ ಕೆಳಗೆಳೆಯುವಾಗ ಗಂಟನ್ನು ಗಿಣ್ಣಿನ ಮೇಲ್ಗಡೆ ಒತ್ತಿ ಕೂರಿಸಬೇಕು, ಗಿಣ್ಣೇ ಅದಕ್ಕೆ ತಡೆಯಾಗುತ್ತದೆ. ಹಸಿ ಬಿದಿರು ಒಣಗಿದಂತೆ ಕುಗ್ಗುವುದರಿಂದ ಕಟ್ಟಿದ ಕೆಲವು ವಾರಗಳಲ್ಲಿ ಸುತ್ತುಗಳು ಸಡಿಲವಾಗುತ್ತವೆ. ರಾತ್ರಿ ಮಾಳವೇರುವವರು ಹಗಲಿನಲ್ಲಿ ಕಟ್ಟುಗಳನ್ನು ಒಮ್ಮೆ ಎಳೆದು ನೋಡುವುದು ಅವಶ್ಯ.

ದಿಮ್ಮಿಗೆ ಹಾಕುವ ಗಂಟು

ದಾಂಡೇಲಿ ಮತ್ತು ಹಳಿಯಾಳಗಳು ನಾಟಾಕ್ಕೆ ಹೆಸರಾದ ಊರುಗಳು. ಅಳ್ನಾವರ–ದಾಂಡೇಲಿ ರೈಲು ಮಾರ್ಗದ ಇತಿಹಾಸವು ಮರದ ಸಾಗಣೆಯೊಂದಿಗೆ ಬೆಸೆದುಕೊಂಡಿದೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಾರ್ಖಾನೆಯನ್ನು ದಾಂಡೇಲಿಗೆ ಕರೆತಂದದ್ದು ಇಲ್ಲಿನ ಬಿದಿರು. ಸಾಗುವಾನಿ, ಮತ್ತಿ, ನಂದಿಯಂಥ ಭಾರಿ ದಿಮ್ಮಿಗಳಿಗೆ ಸರಪಳಿ ಬಳಸುವುದೇ ವಾಡಿಕೆ. ಹಗ್ಗದಿಂದ ಎಳೆಯಬಹುದಾದ ಗಳು, ತೊಲೆಗಳಿಗೆ ಹೊಂದುವುದು ಟಿಂಬರ್ ಹಿಚ್.

ತುದಿಯನ್ನು ದಿಮ್ಮಿಗೆ ಒಮ್ಮೆ ಬಳಸಿ, ಎಳೆತದ ಭಾಗದ ಹಿಂದಿನಿಂದ ತಂದು, ಅದೇ ತುದಿಯನ್ನು ದಿಮ್ಮಿಯ ಮೇಲಿರುವ ತನ್ನದೇ ಹಗ್ಗಕ್ಕೆ ಮೂರು ನಾಲ್ಕು ಸಲ ಸುತ್ತಬೇಕು. ಹಗ್ಗದ ಹುರಿ ಯಾವ ಕಡೆಗಿದೆಯೋ ಆ ಕಡೆಗೇ ಸುತ್ತಿದರೆ ಹಿಡಿತ ಚೆನ್ನಾಗಿ ಬರುತ್ತದೆ. ಎಳೆದಾಗ ಈ ಸುತ್ತುಗಳು ಹಗ್ಗಕ್ಕೂ ಮರಕ್ಕೂ ನಡುವೆ ಅದುಮಲ್ಪಡುತ್ತವೆ. ಭಾರ ಹೆಚ್ಚಿದಷ್ಟೂ ಬಿಗಿ ಹೆಚ್ಚು. ದಿಮ್ಮಿಯನ್ನು ಉದ್ದಕ್ಕೆ ಎಳೆಯಬೇಕಾದರೆ ಎಳೆಯುವ ಕಡೆಯ ತಲೆಯ ಹತ್ತಿರ ಇನ್ನೊಂದು ಅರೆಗಂಟನ್ನು ಹಾಕಬೇಕು, ಇಲ್ಲದಿದ್ದರೆ ದಿಮ್ಮಿ ಅಡ್ಡ ತಿರುಗುತ್ತದೆ.

ಎಳೆತ ನಿಂತೊಡನೆ ಟಿಂಬರ್ ಹಿಚ್ ಸಡಿಲವಾಗುತ್ತದೆ. ಬಿಚ್ಚಲು ಇದು ಎಷ್ಟು ಹಿತವೋ ಅಷ್ಟೇ ಅಪಾಯ: ಇಳಿಜಾರಿನಲ್ಲಿ ದಿಮ್ಮಿ ತಾನಾಗಿ ಉರುಳಿ ಹಗ್ಗ ಸೋತರೆ ಗಂಟು ಕಳಚಬಹುದು. ಜನರ ತಲೆಯ ಮೇಲೆ ಭಾರ ಎತ್ತಲು ಇದನ್ನು ಬಳಸಕೂಡದು. ದಿಮ್ಮಿ ಎಳೆಯುವಾಗ ಅದರ ಕೆಳಪಕ್ಕದಲ್ಲಾಗಲಿ ಬಿಗಿದ ಹಗ್ಗದ ನೇರದಲ್ಲಾಗಲಿ ಯಾರೂ ನಿಲ್ಲಬಾರದು.

ಕಂಬದ ಉದ್ದಕ್ಕೆ ಎಳೆತ

ಮೇಲಿನ ಗಂಟುಗಳೆಲ್ಲ ಕಂಬಕ್ಕೆ ಅಡ್ಡವಾದ ಎಳೆತಕ್ಕೆ ತಕ್ಕವು. ಕಂಬದ ಉದ್ದಕ್ಕೇ ಎಳೆದರೆ ಅವು ಜಾರುತ್ತವೆ. ಇದಕ್ಕೆ ರೋಲಿಂಗ್ ಹಿಚ್ ಬಳಸಬೇಕು. ಎಳೆತ ಬರುವ ಕಡೆಗೆ ಎಳೆತದ ಭಾಗವನ್ನು ದಾಟಿಕೊಂಡು ಎರಡು ಸುತ್ತು, ಆಚೆ ಕಡೆಗೆ ಒಂದು ಅರೆಗಂಟು. ಎರಡು ಸುತ್ತುಗಳು ತಪ್ಪು ಮಗ್ಗುಲಿಗೆ ಬಿದ್ದರೆ ಗಂಟು ನಿಷ್ಪ್ರಯೋಜಕ.

ಮೇಟಿ: ಬಿಗಿಯಬಾರದ ಕಂಬ

ಹಳಿಯಾಳ, ಮುಂಡಗೋಡ ತಾಲೂಕುಗಳು ಭತ್ತದ ಸೀಮೆ. ಯಂತ್ರಗಳು ಬರುವ ಮೊದಲು ಕಣದ ನಡುವೆ ಮೇಟಿಯನ್ನು ನೆಟ್ಟು, ಅದರ ಸುತ್ತ ದನಗಳ ಸಾಲನ್ನು ನಡೆಸಿ ತೆನೆ ತುಳಿಸುತ್ತಿದ್ದರು. ಈ ಸಾಲಿಗೆ ಉತ್ತರ ಕರ್ನಾಟಕದಲ್ಲಿ ಹಂತಿ ಎಂದು ಹೆಸರು. ಹಂತಿ ಹೊಡೆಯುವಾಗ ಹಾಡುವ ಹಂತಿಪದಗಳು ಜಾನಪದದ ಒಂದು ಮುಖ್ಯ ಪ್ರಕಾರ. ಮೇಟಿ ಎಂಬ ಪದವು ಬೇಸಾಯಕ್ಕೂ ಅನ್ವಯಿಸುವಷ್ಟು ಅರ್ಥವಿಸ್ತಾರ ಪಡೆದಿದೆ.

ಮೇಟಿಗೆ ಹಗ್ಗವನ್ನು ಬಿಗಿದು ಕಟ್ಟಬಾರದು. ಮೇಟಿಯ ಅಡ್ಡಳತೆ 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಸುತ್ತಳತೆ ಸುಮಾರು 47 ಸೆಂಟಿಮೀಟರ್. ಬಿಗಿದ ಗಂಟಾಗಿದ್ದರೆ ದನಗಳು ಒಂದು ಸುತ್ತು ಬಂದಾಗ ಅಷ್ಟು ಹಗ್ಗ ಕಂಬಕ್ಕೆ ಸುತ್ತಿಕೊಳ್ಳುತ್ತದೆ. ನಾಲ್ಕು ಸುತ್ತಿಗೆ ಎರಡು ಮೀಟರಿನ ಹತ್ತಿರ ಹಗ್ಗ ಕಡಿಮೆಯಾಗಿ ಒಳಗಿನ ದನದ ಕೊರಳು ಮೇಟಿಗೆ ತಾಗುತ್ತದೆ. ಆದ್ದರಿಂದ ಇಲ್ಲಿ ಬೇಕಾದುದು ಕಂಬಕ್ಕಿಂತ ದೊಡ್ಡದಾದ, ಎಳೆದರೂ ಕಿರಿದಾಗದ, ಕಂಬದ ಸುತ್ತ ಸುಲಭವಾಗಿ ತಿರುಗುವ ಬಳೆಯಂಥ ಕುಣಿಕೆ. ಬೋಲೈನ್ ಎಂಬ ಗಂಟಿನಿಂದ ಇಂಥ ಕುಣಿಕೆ ಸಿದ್ಧವಾಗುತ್ತದೆ. ಹಗ್ಗದಲ್ಲಿ ಚಿಕ್ಕ ಕಣ್ಣೊಂದನ್ನು ಮಾಡಿ, ತುದಿಯನ್ನು ಕಂಬಕ್ಕೆ ಬಳಸಿ ತಂದು ಕಣ್ಣಿನೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ, ಎಳೆತದ ಭಾಗದ ಹಿಂದಿನಿಂದ ಸುತ್ತಿಸಿ, ಮತ್ತೆ ಅದೇ ಕಣ್ಣಿನೊಳಗೆ ಕೆಳಗಿಳಿಸಿ ಬಿಗಿಯಬೇಕು.

ಮೇಯಲು ಬಿಟ್ಟ ದನವನ್ನು ಗೂಟಕ್ಕೆ ಕಟ್ಟುವಾಗಲೂ ಇದೇ ನ್ಯಾಯ. ಗೂಟವನ್ನು ಸುತ್ತಿ ಸುತ್ತಿ ಹಗ್ಗ ಗಿಡ್ಡವಾದರೆ ಪಶು ನೆರಳಿಗಾಗಲಿ ನೀರಿಗಾಗಲಿ ಹೋಗಲಾರದು. ಕೊರಳಿಗೆ ಮಾತ್ರ ಎಂದೂ ಜೀರುಗುಣಿಕೆ ಹಾಕಬಾರದು. ಬೆದರಿ ಎಳೆದ ಪಶು ಉಸಿರುಕಟ್ಟಿ ಸಾಯುತ್ತದೆ. ಕೊಟ್ಟಿಗೆಯಲ್ಲಿ ಹಲವು ಎಮ್ಮೆಗಳನ್ನು ಕಟ್ಟುವವರು, ಉದಾಹರಣೆಗೆ ಈ ತಾಲೂಕುಗಳ ಗೌಳಿ ಸಮುದಾಯದವರು, ಬೆಂಕಿ ಬಿದ್ದಾಗ ಎಲ್ಲವನ್ನೂ ಕ್ಷಣದಲ್ಲಿ ಬಿಚ್ಚಬೇಕಾದೀತು. ಅದಕ್ಕಾಗಿ ಕೊನೆಯ ಅರೆಗಂಟಿನಲ್ಲಿ ತುದಿಯನ್ನು ಪೂರ್ತಿ ತೂರಿಸದೆ ಮಡಿಸಿ ತೂರಿಸಬೇಕು. ಆಗ ತುದಿಯನ್ನು ಜಗ್ಗಿದರೆ ಆ ಅರೆಗಂಟು ಒಂದೇ ಎಳೆತಕ್ಕೆ ಕಳಚುತ್ತದೆ.

ಹಗ್ಗ ಬದಲಾದಾಗ

ಮೊದಲು ಈ ಭಾಗದಲ್ಲಿ ಹಗ್ಗವೆಂದರೆ ಪುಂಡಿ, ಸಣಬು, ಕತ್ತಾಳೆ ಅಥವಾ ತೆಂಗಿನ ನಾರನ್ನು ಹೊಸೆದದ್ದು. ಅದರ ಮೈ ಒರಟು, ಕಂಬವನ್ನು ಕಚ್ಚಿ ಹಿಡಿಯುತ್ತದೆ. ಇಂದು ಸಂತೆಯಲ್ಲಿ ಸುಲಭವಾಗಿ ಸಿಗುವುದು ಪ್ಲಾಸ್ಟಿಕ್ ಹಾಗೂ ನೈಲಾನ್ ಹಗ್ಗ. ಬಲದಲ್ಲಿ ಇವು ನಾರಿನ ಹಗ್ಗವನ್ನು ಮೀರಿಸುತ್ತವೆ; ಆದರೆ ಮೈ ನುಣುಪು. ಹಿಂದೆ ಹೇಳಿದ ಲೆಕ್ಕದಲ್ಲಿ ಘರ್ಷಣಾಂಕವನ್ನು 0.3ರಿಂದ 0.15ಕ್ಕೆ ಇಳಿಸಿದರೆ ಒಂದೂವರೆ ಸುತ್ತಿನ ಹಿಡಿತವು 17 ಪಟ್ಟಿನಿಂದ ಸುಮಾರು 4 ಪಟ್ಟಿಗೆ ಕುಸಿಯುತ್ತದೆ. ನಾರಿನ ಹಗ್ಗಕ್ಕೆ ಕಲಿತ ಕೈ ಅಭ್ಯಾಸಬಲದಿಂದ ಅದೇ ಗಂಟನ್ನು ಪ್ಲಾಸ್ಟಿಕ್ ಹಗ್ಗಕ್ಕೆ ಹಾಕಿದಾಗ ಅದು ಜಾರುವುದು ಇದೇ ಕಾರಣದಿಂದ. ಇಂಥ ಹಗ್ಗಕ್ಕೆ ಕಂಬದ ಸುತ್ತ ಒಂದೆರಡು ಸುತ್ತು ಹೆಚ್ಚು ಹಾಕಿ, ಮೂರು ಅರೆಗಂಟುಗಳನ್ನು ಬಿಗಿದು, ತುದಿಯನ್ನು ಉದ್ದವಾಗಿ ಬಿಡಬೇಕು.

ಮಳೆಗಾಲದ ವರ್ತನೆಯೂ ಬೇರೆ. ನಾರಿನ ಹಗ್ಗ ನೆನೆದಾಗ ಉಬ್ಬಿ, ಉದ್ದದಲ್ಲಿ ಕುಗ್ಗಿ, ಗಂಟು ಬಿಗಿದುಕೊಳ್ಳುತ್ತದೆ, ಒಣಗಿದಾಗ ಸಡಿಲವಾಗುತ್ತದೆ. ಬಹುಕಾಲ ಒದ್ದೆಯಾಗಿದ್ದರೆ ಒಳಗಿನಿಂದ ಕೊಳೆಯುತ್ತದೆ. ಪ್ಲಾಸ್ಟಿಕ್ ಹಗ್ಗ ಮಳೆಗೆ ಅಂಜದು, ಆದರೆ ಬಿಸಿಲಿಗೆ ಜೀರ್ಣವಾಗುತ್ತದೆ. ಮೈಮೇಲೆ ಬಿಳಿಯ ಪುಡಿ, ಮುರಿದ ಎಳೆಗಳು ಕಂಡರೆ ಅದನ್ನು ಭಾರಕ್ಕೆ ಬಳಸಬಾರದು. ನಾರಿನ ಹಗ್ಗವನ್ನು ಅಲ್ಲಲ್ಲಿ ಹುರಿ ಬಿಡಿಸಿ ಒಳಗೆ ನೋಡಬೇಕು.

ಎಚ್ಚರಿಕೆಗಳು

ಗಂಟು ಹಾಕಿದ ಹಗ್ಗವು ಗಂಟಿಲ್ಲದ ಹಗ್ಗದಷ್ಟು ಬಲವಾಗಿರುವುದಿಲ್ಲ. ಗಂಟಿನ ಬಗೆಯನ್ನನುಸರಿಸಿ ಬಲದ ಐದನೆಯ ಒಂದು ಭಾಗದಿಂದ ಅರ್ಧದವರೆಗೆ ನಷ್ಟವಾಗಬಹುದು.

ಕಂಬದ ಬುಡದ ಹತ್ತಿರ ಕಟ್ಟಿದಷ್ಟೂ ಕಂಬ ಕೀಳುವ ಸಂಭವ ಕಡಿಮೆ. ಎತ್ತರದಲ್ಲಿ ಕಟ್ಟಲೇಬೇಕಾದರೆ ಮರದ ಕಂಬದಲ್ಲಿ ಸಣ್ಣ ಕಚ್ಚು ಕೊರೆದು ಹಗ್ಗವನ್ನು ಅದರಲ್ಲಿ ಕೂರಿಸಬಹುದು.

ಮನುಷ್ಯನ ಮೈಭಾರ ಹೊರುವ ಹಗ್ಗಕ್ಕೆ ಇಲ್ಲಿ ಹೇಳಿದ ಒಂಟಿ ಗಂಟುಗಳು ಸಾಲವು. ಅಡಿಕೆ ಮರವೇರುವ ಕೊನೆಗೌಡರ ಕೈಚಳಕ ವರ್ಷಗಳ ಅಭ್ಯಾಸದಿಂದ ಬಂದದ್ದು. ಲೇಖನವನ್ನು ಓದಿ ಅದನ್ನು ಅನುಕರಿಸುವುದು ಸಲ್ಲದು. ಮರ ಹತ್ತಲು, ಬಂಡೆ ಇಳಿಯಲು ತಕ್ಕ ಸೊಂಟಪಟ್ಟಿ ಮತ್ತು ಅನುಭವಿಗಳ ಮಾರ್ಗದರ್ಶನ ಬೇಕು.

ವಿದ್ಯುತ್ ಕಂಬಕ್ಕಾಗಲಿ, ಅದನ್ನು ಎಳೆದು ನಿಲ್ಲಿಸಿರುವ ತಂತಿಗಾಗಲಿ ದನವನ್ನೂ ಬಟ್ಟೆಯ ಹಗ್ಗವನ್ನೂ ಕಟ್ಟಕೂಡದು. ಒದ್ದೆಯಾದ ಹಗ್ಗದಲ್ಲಿ ವಿದ್ಯುತ್ ಹರಿಯಬಲ್ಲದು, ಮಳೆಗಾಲದಲ್ಲಿ ಕಂಬದ ಸುತ್ತಲಿನ ನೆಲದಲ್ಲಿಯೂ ಸೋರಿಕೆ ಇರಬಹುದು. ಹಾಗೆ ಕಟ್ಟಿದ ದನಕ್ಕೆ ಆಘಾತ ತಗುಲಿ ಬಿದ್ದಿದ್ದರೆ ಬಿಚ್ಚಲು ಓಡಬಾರದು. ಮೊದಲು ವಿದ್ಯುತ್ ಸಂಪರ್ಕ ಕಡಿತಗೊಳಿಸುವಂತೆ ತಿಳಿಸಿ, ಕಡಿತವಾದುದು ಖಚಿತವಾದ ಮೇಲೆಯೇ ಹಗ್ಗವನ್ನು ಮುಟ್ಟಬೇಕು.